ವಿಜಯಕುಮಾರಿ ಕಟ್ಟಿದ ತಾಳಿ

ನನ್ನ ಕೊರಳಿಗೆ ಮೊದಲು ತಾಳಿ ಕಟ್ಟಿದವಳು ವಿಜಯಕುಮಾರಿ. ಸೂಲೂರಿನ ಆಚೆ ಒಂದು ತೆಂಗಿನ ತೋಟದಲ್ಲಿ, ಪಂಪ್‌ಸೆಟ್ ಕೊಠಡಿಯ ಹಿಂದೆ, ಒಳ್ಳೆ ಬೆಳಗಿನ ಬಿಸಿಲಿನಲ್ಲಿ ಕಟ್ಟಿದಳು. ಮೇಳವೆಂದರೆ ಮೋಟಾರಿನ ಗುಡುಗುಡು ಸದ್ದು. ಅಕ್ಷತೆಗೆ ನನ್ನ ಬ್ಯಾಗಿನ ಹತ್ತಿಯನ್ನೇ ಹಿಂಜಿ ತಲೆಯ ಮೇಲೆ ಹಾಕಿದಳು. ಅದು ತಪ್ಪು ಎಂದು ನನಗೆ ಆಗ ಅನ್ನಿಸಲಿಲ್ಲ. ಇಷ್ಟು ವರ್ಷವಾದರೂ ಅನ್ನಿಸಿಲ್ಲ.

ಅದು ೧೯೮೪. ನಾವಿಬ್ಬರೂ ಕೊಯಮತ್ತೂರಿನ ಪೀಳಮೇಡಿನ ಒಂದು ನರ್ಸಿಂಗ್ ಶಾಲೆಯಲ್ಲಿ ಮೂರನೇ ವರ್ಷದಲ್ಲಿದ್ದೆವು. ನನ್ನದು ನೆಗಮಂ, ಮಗ್ಗದ ಮನೆ. ಅವಳದು ಉಡುಮಲೈ ಕಡೆ, ಬೇಸಾಯದ ಮನೆ. ಎರಡು ಮನೆಯಲ್ಲೂ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹಾಸ್ಟೆಲಿನಲ್ಲಿ ಉಳಿದವರನ್ನು ಅವರೆದುರಿಗೇ ಬೈಯಲು ಒಂದು ಭಾಷೆ ಸಿಕ್ಕಿತಲ್ಲ ಎಂದು ಮೊದಲ ದಿನವೇ ಗೆಳತಿಯರಾಗಿಬಿಟ್ಟೆವು.

ಶಾಲೆಯ ಪ್ರಿನ್ಸಿಪಾಲ್ ಜ್ಞಾನಸೆಲ್ವಂ ಮೇಡಂ. ನಾಗರಕೋಯಿಲಿನವರು, ನಗುವುದು ಆರೋಗ್ಯಕ್ಕೆ ಕೆಟ್ಟದ್ದೆಂದು ಯಾರೋ ಅವರಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಂತಿತ್ತು. ರೋಗಿಯ ಹಾಸಿಗೆಯ ಬಟ್ಟೆ ಮೂಲೆಯಲ್ಲಿ ಒಂದಿಷ್ಟು ಸಡಿಲವಾಗಿದ್ದರೆ ಇಡೀ ಹಾಸಿಗೆಯನ್ನೇ ಕಿತ್ತು ಕೈಗೆ ಕೊಡುತ್ತಿದ್ದರು. ಹಾಸ್ಟೆಲಿನ ನಿಯಮಗಳನ್ನು ಬರೆದ ಹಲಗೆ ಅವರ ಕೋಣೆಯ ಪಕ್ಕದಲ್ಲೇ ಇತ್ತು. ತಲೆಗೆ ಹೂವು ಮುಡಿಯುವಂತಿಲ್ಲ, ಕೈಗೆ ಬಳೆ ಹಾಕುವಂತಿಲ್ಲ, ತರಬೇತಿ ಮುಗಿಯುವ ತನಕ ಮದುವೆಯಾಗುವಂತಿಲ್ಲ. ಮದುವೆಯಾದರೆ ಅದೇ ದಿನ ಪೆಟ್ಟಿಗೆ ಕಟ್ಟಬೇಕು. ಹಿಂದಿನ ವರ್ಷ ನಮ್ಮ ಸೀನಿಯರ್ ಒಬ್ಬಳು ಹಾಗೇ ಹೋದಳು, ಕೊನೆಯ ಪರೀಕ್ಷೆ ಹತ್ತಿರವಿದ್ದಾಗ. ಅವಳು ಅತ್ತದ್ದು ನಮಗೆಲ್ಲ ಕೇಳಿಸಿತ್ತು.

ನಾನಂತೂ ಆ ಶಾಲೆಗೆ ಆಸೆಪಟ್ಟು ಬಂದವಳು. ಬೆಡ್‌ಪ್ಯಾನ್ ತೊಳೆದೆ, ವಾಂತಿ ಬಳಿದೆ, ವಾರ್ಡಿನ ಆಯಾಗಳ ಕೈಯಲ್ಲೂ ಗದರಿಸಿಕೊಂಡೆ. ಡಾಕ್ಟರು ಬಂದರೆ ಗೋಡೆಗೆ ಒರಗಿ ನಿಲ್ಲಬೇಕು, ಹೋದ ಮೇಲೆ ಅವರು ಚೆಲ್ಲಿದ್ದನ್ನು ಎತ್ತಬೇಕು. ಆದರೂ ಬೆಳಿಗ್ಗೆ ಆ ಬಿಳಿ ಸೀರೆಯ ನೆರಿಗೆ ಹಿಡಿಯುವಾಗ ನನಗೆ ಆಗುತ್ತಿದ್ದ ಖುಷಿ ದೊಡ್ಡದು. ಮನೆಯಲ್ಲಿ ಅಜ್ಜಿ ಬೆಳ್ಳಿಯಮ್ಮನ ಮಾತೇ ಮಾತು. 'ಕಂಡೋರ ಮೈ ತೊಳೆಯೋಕೆ ನಮ್ಮ ಪೊಣ್ಣನ್ನ ಕಳಿಸಬೇಕಾ' ಎಂದು ಅವಳು ಹಟ ಹಿಡಿದಿದ್ದಳು. ನಾನು ಅವಳಿಗಿಂತ ದೊಡ್ಡ ಹಟ ಹಿಡಿದು ಊಟ ಬಿಟ್ಟು ಗೆದ್ದಿದ್ದೆ. ಸೀಟು ಹೋಯಿತೆಂದರೆ ಮತ್ತೆ ಮನೆಗೆ ಹೋಗಿ ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಬೇಕು, ಅಜ್ಜಿಯ 'ಹೇಳಿದ್ನಲ್ಲ' ಕೇಳಬೇಕು. ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂದು ನನಗೆ ಇವತ್ತಿಗೂ ತಿಳಿಯದು.

ಆ ವರ್ಷ ನಮ್ಮನ್ನು ಹಳ್ಳಿಯ ಮನೆಮನೆಗೆ ಕಳಿಸಿದರು. ಪ್ರತಿ ವಾರ ಸೂಲೂರು ದಾಟಿ ಬಸ್ಸಿನಲ್ಲಿ ಹೋಗುವುದು, ಬಸುರಿಯರನ್ನು ಕಂಡು ಬಿಪಿ ನೋಡುವುದು, ಮೂತ್ರ ಪರೀಕ್ಷೆ ಮಾಡುವುದು, ಹೆಚ್ಚುಕಡಿಮೆ ಇದ್ದರೆ ಆಸ್ಪತ್ರೆಗೆ ಕರೆತರುವುದು. ಪುಸ್ತಕದಲ್ಲಿ ಇದು ಬಹಳ ಸುಲಭವಾಗಿತ್ತು. ಹಳ್ಳಿಯಲ್ಲಿ ಬಾಗಿಲು ತಟ್ಟಿದರೆ ಪ್ರೀತಿಯಿಂದ 'ಕಣ್ಣು' ಎಂದು ಕರೆದು ಕೇಳುವ ಮೊದಲ ಪ್ರಶ್ನೆಯೇ ಬೇರೆ.

"ಕಲ್ಯಾಣ ಆಯ್ತಾ ಕಣ್ಣು?"

ಇಲ್ಲ ಎಂದರೆ ಮುಗಿಯಿತು. ಮಜ್ಜಿಗೆ ಕೊಡುತ್ತಿದ್ದರು, ಕೂರಿಸಿ ಮಾತಾಡಿಸುತ್ತಿದ್ದರು, ಆದರೆ ಬಸುರಿ ಸೊಸೆ ಒಳಗೇ ಇರುತ್ತಿದ್ದಳು. ಮದುವೆಯಾಗದ ಹುಡುಗಿಗೆ ಬಸುರು ಬಾಣಂತನದ ವಿಷಯ ಏನು ಗೊತ್ತು? ಗೊತ್ತಿದ್ದರಂತೂ ಇನ್ನೂ ಕೆಟ್ಟದ್ದು. ನಮ್ಮ ಪಾಡು ನೋಡಿ: ಗಂಡನಿದ್ದರೆ ಶಾಲೆ ಇಟ್ಟುಕೊಳ್ಳುವುದಿಲ್ಲ, ಗಂಡನಿಲ್ಲದಿದ್ದರೆ ಹಳ್ಳಿ ಒಳಗೆ ಬಿಡುವುದಿಲ್ಲ. ಈ ನಿಯಮ ಮಾಡಿದವರು ಯಾರೂ ಬ್ಯಾಗು ಹೊತ್ತು ಬಿಸಿಲಲ್ಲಿ ನಡೆದವರಲ್ಲ ಎಂದು ನನಗೆ ಕೋಪ ಬರುತ್ತಿತ್ತು.

ನನ್ನ ಪಾಲಿಗೆ ಬಂದ ಬೀದಿಯಲ್ಲಿ ಮುತ್ತಮ್ಮಾಳ್ ಅವರ ಮನೆ ಇತ್ತು. ಅವರೂ ಕನ್ನಡದವರೇ, ಒಕ್ಕಲಿಗರು. ದೊಡ್ಡ ತೋಟ, ಅದಕ್ಕಿಂತ ದೊಡ್ಡ ಗಂಟಲು. ಅವರ ಸೊಸೆ ಮಲ್ಲಿಗಾಗೆ ಚೊಚ್ಚಲ ಬಸುರು. ಒಂದು ದಿನ ಅವಳು ಹಿತ್ತಲಿನಿಂದ ನೀರು ತರುವುದನ್ನು ಕಂಡೆ. ಪಾದಗಳು ಉಬ್ಬಿ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಬಸುರಿಯ ಬಿಪಿ ಏರಿ ಫಿಟ್ಸ್ ಬಂದರೆ ಏನಾಗುತ್ತದೆಂದು ಆ ವಾರವಷ್ಟೇ ಲೇಬರ್ ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೆ. ಮುತ್ತಮ್ಮಾಳ್‌ಗೆ ಹೇಳಿದೆ. ಅವರು ನಕ್ಕರು. "ಬಸ್ರಿಗೆ ಕಾಲು ಬೀಗ್ದೆ ಇನ್ನೇನ್ ಮೂಗು ಬೀಗುತ್ತಾ? ನೀನ್ ಚಿಕ್ಕ ಪೊಣ್ಣು, ನಿನಗೆ ತಿಳಿಯಲ್ಲ."

ಮುಂದಿನ ವಾರ ನಾನು ಅರಿಸಿನದಲ್ಲಿ ಅದ್ದಿದ ದಾರಕ್ಕೆ ಒಂದು ಅರಿಸಿನ ಕೊಂಬು ಕಟ್ಟಿ ತಂದೆ. ವಿಜಯಕುಮಾರಿ ಮೂರು ಗಂಟು ಹಾಕಿದಳು. "ಇನ್ನು ಮೇಲೆ ನನ್ನ ಹೆಸ್ರು ಹೇಳಬೇಡ್ವೇ, ಗಂಡನ ಹೆಸ್ರು ಹೇಳಿದ್ರೆ ಆಯಸ್ಸು ಕಮ್ಮಿ" ಎಂದು ಹೇಳಿ ತನ್ನ ಬೀದಿಗೆ ಹೋದಳು.

ಅವಳು ತಮಾಷೆಗೆ ಹೇಳಿದ್ದು ನನಗೆ ದೊಡ್ಡ ಅನುಕೂಲವಾಯಿತು. ದಾರ ಕಂಡದ್ದೇ ಮುತ್ತಮ್ಮಾಳ್ ಕೈ ಹಿಡಿದು ಒಳಗೆ ಎಳೆದುಕೊಂಡರು. ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲವಾದ್ದರಿಂದ ಯಾರೂ ಕೇಳಲೂ ಇಲ್ಲ. ಹೇಗಿದ್ದಾನೆ ಎಂದು ಮಾತ್ರ ಕೇಳಿದರು. ನನಗೆ ಸುಳ್ಳು ಹೇಳುವುದು ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ಇದ್ದದ್ದನ್ನೇ ಹೇಳಿದೆ. ಒಳ್ಳೆ ಎತ್ತರ, ನನ್ನ ಹಾಗೆ ಆಸ್ಪತ್ರೆ ಕೆಲಸ, ಊಟಕ್ಕೆ ಕೂತರೆ ನನ್ನ ಪಾಲಿನ ಇಡ್ಲಿಗೂ ಕೈ ಹಾಕುವ ಅಭ್ಯಾಸ, ಮಲಗಿದರೆ ಭಾರೀ ಗೊರಕೆ.

"ಗಂಡಸ್ರೇ ಹಂಗೆ ಕಣ್ಣು" ಎಂದು ಮುತ್ತಮ್ಮಾಳ್ ನಿಟ್ಟುಸಿರು ಬಿಟ್ಟು ಸೊಸೆಯನ್ನು ಕರೆದರು.

ಮಲ್ಲಿಗಾ ಬಂದು ಕೂತಳು. ಅತ್ತೆಯ ಎದುರಿಗೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡೇ ಇಲ್ಲ. ಬಿಪಿ ಹೆಚ್ಚಿತ್ತು. ಸ್ಪಿರಿಟ್ ದೀಪದ ಮೇಲೆ ಮೂತ್ರ ಕಾಯಿಸಿ ನೋಡಿದೆ, ತುಸು ಮಬ್ಬಾಯಿತು, ಅದೂ ಒಳ್ಳೆಯ ಲಕ್ಷಣವಲ್ಲ. ಅತ್ತೆಯನ್ನೂ ಸೊಸೆಯನ್ನೂ ಆಸ್ಪತ್ರೆಗೆ ಕರೆತಂದೆ. ಡಾಕ್ಟರು ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿ, ಎಡಕ್ಕೆ ಮಗ್ಗುಲಾಗಿ ಮಲಗಿ ಎಂದರು, ವಾರ ವಾರ ಬಿಪಿ ನೋಡಲು ನನಗೆ ಹೇಳಿದರು. ಕಾಲಿನ ಬಾವು ಇಳಿಯಿತು. ಮುತ್ತಮ್ಮಾಳ್ ಬೀದಿಗೆಲ್ಲ ನನ್ನ ಹೆಸರು ಸಾರಿದರು. ಬಾಗಿಲುಗಳು ತಾವಾಗಿ ತೆರೆದುಕೊಂಡವು. ಪ್ರತಿ ವಾರ ಪಂಪ್‌ಸೆಟ್ ಹಿಂದೆ ತಾಳಿ ಕಟ್ಟಿಸಿಕೊಳ್ಳುವುದು, ವಾಪಸು ಬರುವಾಗ ಬಿಚ್ಚಿ ಬ್ಯಾಗಿನ ಹತ್ತಿ ಡಬ್ಬಿಯಲ್ಲಿ ಇಡುವುದು. ಜ್ಞಾನಸೆಲ್ವಂ ಮೇಡಂ ಹಳ್ಳಿಗೆ ಸುತ್ತು ಬಂದರೆ ಸೆರಗು ಕುತ್ತಿಗೆಯ ತನಕ ಎಳೆದುಕೊಳ್ಳುವುದು. ಇಷ್ಟು ವಿನಯದ ಹುಡುಗಿ ಬೇರೆ ಇಲ್ಲ ಎಂದು ಅವರು ಒಮ್ಮೆ ಹೊಗಳಿದ್ದರು ಕೂಡ.

ಕೆಟ್ಟದ್ದು ಎಲ್ಲಿಂದ ಬಂತೆಂದರೆ, ಮುತ್ತಮ್ಮಾಳ್ ಅವರ ಪ್ರೀತಿಯಿಂದ ಬಂತು. ಮಲ್ಲಿಗಾಗೆ ಏಳು ತಿಂಗಳು ತುಂಬಿತ್ತು, ಬಳೆ ತೊಡಿಸುವ ಶಾಸ್ತ್ರಕ್ಕೆ ಸೀರೆ ಬೇಕಿತ್ತು. ಕೊಯಮತ್ತೂರಿನ ಅಂಗಡಿಗೆ ಯಾಕೆ ಹೋಗಬೇಕು, ನಮ್ಮ ನರ್ಸಮ್ಮನ ಮನೆಯಲ್ಲೇ ನೇಯುತ್ತಾರಲ್ಲ ಎಂದು ಅವರು ನೆಟ್ಟಗೆ ನೆಗಮಂಗೆ ಹೋದರು. ಸೀರೆ ಆರಿಸುತ್ತ ಅಜ್ಜಿಯ ಮುಂದೆ ನನ್ನನ್ನು ಬಾಯ್ತುಂಬ ಹೊಗಳಿದರು. ಹುಡುಗಿ ಬಂಗಾರ, ಗಂಡನೂ ಒಳ್ಳೆಯವನಂತೆ, ಎತ್ತರವಂತೆ, ಗೊರಕೆಯೊಂದು ಬಿಟ್ಟರೆ ಬೇರೇನೂ ದೋಷವಿಲ್ಲವಂತೆ.

ಅಜ್ಜಿ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲವಂತೆ. ಮುತ್ತಮ್ಮಾಳ್‌ಗೆ ಕಾಫಿ ಕೊಟ್ಟು, ಸೀರೆ ಮಡಿಸಿ ಕೊಟ್ಟು, ಬಸ್ಸು ಹತ್ತಿಸಿ ಬಂದಳಂತೆ. ಇದನ್ನೆಲ್ಲ ಆಮೇಲೆ ಅಪ್ಪ ಹೇಳಿದ್ದು.

ಮರುದಿನ ಅಜ್ಜಿ, ಅಪ್ಪ ಪೊನ್ನುಸಾಮಿ ಇಬ್ಬರೂ ಶಾಲೆಗೆ ಬಂದರು. ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ಹೋಗಿ ನೋಡಿದರೆ ಮೇಜಿನ ಮೇಲೆ ಒಂದು ತಟ್ಟೆ. ತಟ್ಟೆಯಲ್ಲಿ ನಮ್ಮ ಮಗ್ಗದ್ದೇ ಜರಿಯಂಚಿನ ಪಂಚೆ, ಶಲ್ಯ, ವೀಳ್ಯದೆಲೆ, ಬಾಳೆಹಣ್ಣು. ಅಪ್ಪ ಬಾಗಿಲ ಬಳಿ ಚೀಲ ಹಿಡಿದು ನೆಲ ನೋಡುತ್ತ ನಿಂತಿದ್ದ. ಅಜ್ಜಿ ಮೇಡಂ ಎದುರಿನ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದಳು.

"ಬಾ ಕಣ್ಣು" ಅಂದಳು ಅಜ್ಜಿ. "ಆಗಿದ್ದು ಆಯ್ತು. ಊರು ಬಾಯಿ ತೆಗೆಯೋಕೆ ಮುಂಚೆ ನಾವೇ ಮರ್ಯಾದೆ ಮಾಡಿ ಒಪ್ಕೊಂಡ್ರೆ ಯಾರೂ ಒಂದ್ ಮಾತು ಆಡಲ್ಲ. ಎಲ್ಲಿ ಮಾಪ್ಪಿಳ್ಳೆ? ಕರಿ ಅವರ್ನ."

ಬೈಯಲು ಬಂದಿದ್ದರೆ ಬಚಾವಾಗುತ್ತಿದ್ದೆ. ಅಜ್ಜಿ ನನ್ನನ್ನು ಕ್ಷಮಿಸಿ ಅಳಿಯನನ್ನು ಒಪ್ಪಿಕೊಳ್ಳಲು ಬಂದಿದ್ದಳು, ಅದೂ ಎಲ್ಲ ಬಿಟ್ಟು ಈ ಕೋಣೆಗೆ. ಜ್ಞಾನಸೆಲ್ವಂ ಮೇಡಂ ನನ್ನನ್ನೇ ನೋಡುತ್ತಿದ್ದರು.

"ನಿನಗೆ ಮದುವೆಯಾಗಿದೆಯಾ ಪಂಕಜಂ?" ಎಂದು ತಮಿಳಿನಲ್ಲಿ ಕೇಳಿದರು.

"ಇಲ್ಲ ಮೇಡಂ."

"ಆಗಿಲ್ಲಾಂದ್ರೆ ಆ ದಾರ ಏನು?" ಅಂದಳು ಅಜ್ಜಿ.

ನಾನು ಹತ್ತಿ ಡಬ್ಬಿ ತಂದು ದಾರ ತೆಗೆದು ಮೇಜಿನ ಮೇಲಿಟ್ಟೆ. ಎಲ್ಲವನ್ನೂ ಹೇಳಿದೆ: ಹಳ್ಳಿಯ ಬಾಗಿಲು, ಮಲ್ಲಿಗಾಳ ಕಾಲು, ಪಂಪ್‌ಸೆಟ್. ಅಜ್ಜಿಗೆ ಬಿಪಿ ಅರ್ಥವಾಗಲಿಲ್ಲ. ವಾರ ವಾರ ತಾಳಿ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದೆ ಎಂಬುದು ಚೆನ್ನಾಗಿ ಅರ್ಥವಾಯಿತು. "ಅಯ್ಯೋ ಚೌಡಮ್ಮ ತಾಯಿ" ಎಂದು ಎರಡು ಕೆನ್ನೆಗೂ ಬಡಿದುಕೊಂಡಳು. "ಕಟ್ಟಿದ್ದು ಯಾರು? ಮೊದ್ಲು ಅದನ್ನ ಹೇಳು."

ವಿಜಯಕುಮಾರಿಯನ್ನು ಕರೆಸಿದರು. ಬಾಗಿಲಿಗೆ ತಲೆ ತಾಗುವಂತಿದ್ದ ಅವಳನ್ನು ಅಜ್ಜಿ ಅಡಿಯಿಂದ ಮುಡಿಯ ತನಕ ನೋಡಿದಳು. ಎತ್ತರದ ಮಾತು ನಿಜವಾಗಿತ್ತು. ಆಸ್ಪತ್ರೆ ಕೆಲಸವೂ ನಿಜ.

"ಗೊರಕೆ ಹೊಡೀತೀಯಾ?"

"ಹೌದುಂಗ ಅಜ್ಜಿ" ಅಂದಳು ವಿಜಯಕುಮಾರಿ, ನಮ್ಮ ಕಡೆಯ ಮರ್ಯಾದೆಯ 'ಉಂಗ' ಸೇರಿಸಿ.

ಬಾಗಿಲ ಬಳಿ ಅಪ್ಪ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ಮೇಡಂ ನಗಲಿಲ್ಲ. ಅವರು ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ. ಅರಿಸಿನ ದಾರ, ಮೂರು ಗಂಟು, ಕೊರಳಲ್ಲಿ ಹಾಕಿಕೊಂಡು ಊರೆಲ್ಲ ಓಡಾಡಿದ್ದಾಳೆ. ನಿಮ್ಮ ಕುಲದಲ್ಲಿ ಇದು ಮದುವೆಯೋ ಅಲ್ಲವೋ ನೀವೇ ಹೇಳಿ. ಮದುವೆ ಅಂದರೆ ಈಗಲೇ ಕರೆದುಕೊಂಡು ಹೋಗಿ."

ಮೂರು ವರ್ಷದಿಂದ ಅಜ್ಜಿ ಬಯಸಿದ್ದು ಅದನ್ನೇ. ಒಂದು ತಲೆಯಾಡಿಸಿದರೆ ಸಾಕು, ನಾನು ಸಂಜೆಯ ಬಸ್ಸಿಗೆ ನೆಗಮಂ. ಅಜ್ಜಿ ದಾರವನ್ನು ಕೈಗೆತ್ತಿಕೊಂಡು ಒಂದೊಂದೇ ಗಂಟನ್ನು ಬೆರಳಿನಿಂದ ತಡವಿದಳು. ಆಮೇಲೆ ಕೇಳಿದಳು, "ಆ ಮುತ್ತಮ್ಮಾಳು ನಿನ್ ಮಾತು ಕೇಳಿ ಸೊಸೇನ ಆಸ್ಪತ್ರೆಗೆ ಕರ್ಕೊಂಡ್ ಬಂದ್ಳಾ?"

"ಬಂದ್ರು ಅಜ್ಜಿ."

"ಸಾರಿಗೆ ಉಪ್ಪು ಕಮ್ಮಿ ಮಾಡಿದ್ಳಾ?"

"ಮಾಡಿದ್ರು."

ಅಜ್ಜಿ ಮೇಡಂ ಕಡೆ ತಿರುಗಿದಳು. ಈ ಸಲ ಒಳ್ಳೆ ತಮಿಳಿನಲ್ಲಿ, ಪಂಚಾಯಿತಿಯಲ್ಲಿ ತೀರ್ಪು ಕೊಡುವವರ ಗತ್ತಿನಲ್ಲಿ ಮಾತಾಡಿದಳು. ಮೊದಲ ಗಂಟು ಹಾಕುವವನು ಗಂಡು. ಉಳಿದ ಎರಡು ಗಂಟು ಅವನ ಅಕ್ಕನೋ ತಂಗಿಯೋ ಹಾಕಬೇಕು. ಇಲ್ಲಿ ಮೂರನ್ನೂ ಹೆಣ್ಣೇ ಹಾಕಿದ್ದಾಳೆ. ಅಂದಮೇಲೆ ಸಿಕ್ಕಿದ್ದು ನಾದಿನಿ, ಗಂಡನಲ್ಲ. ಗಂಡನ ಗಂಟೇ ಬೀಳದೆ ಮದುವೆ ಎಲ್ಲಿಂದ ಬಂತು? "ನಮ್ಮ ಪೊಣ್ಣು ಇನ್ನೂ ಕನ್ಯೆಯೇ" ಎಂದು ಮುಗಿಸಿ, ಪಂಚೆ ಶಲ್ಯ ಎತ್ತಿ ಅಪ್ಪನ ಚೀಲಕ್ಕೆ ತುರುಕಿದಳು. ಬಾಳೆಹಣ್ಣಿನ ಚಿಪ್ಪನ್ನು ವಿಜಯಕುಮಾರಿಯ ಕೈಗೆ ಕೊಟ್ಟಳು. ನನಗೆ ಅಲ್ಲೇ ಅಜ್ಜಿಯನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅವಳನ್ನು ನಾನು ಅಷ್ಟು ಪ್ರೀತಿಸಿದ ದಿನ ಬೇರೆ ಇಲ್ಲ.

ಆದರೆ ಮೇಡಂ ಅಷ್ಟಕ್ಕೆ ಬಿಡುವವರಲ್ಲ. "ಮದುವೆಯಾಗಿಲ್ಲ, ಸರಿ. ಸುಳ್ಳು ಹೇಳಿದ್ದಂತೂ ಹೇಳಿದ್ದಾಳಲ್ಲ, ಅದೂ ಯೂನಿಫಾರಂ ಹಾಕಿಕೊಂಡು. ಆ ಮನೆಯವರು ನಂಬಿದ್ದು ಅರಿಸಿನ ದಾರವನ್ನೋ ನರ್ಸನ್ನೋ? ನಾಳೆ ಬರಿ ಕುತ್ತಿಗೆಯಲ್ಲಿ ಆ ಮನೆಗೆ ಹೋಗಿ ನಿಜ ಹೇಳು. ನಾನೂ ಬರುತ್ತೇನೆ. ಅವರು ಒಳಗೆ ಬಿಟ್ಟರೆ ಶಾಲೆಯಲ್ಲಿ ಇರು. ಬಾಗಿಲು ಹಾಕಿದರೆ ಪೆಟ್ಟಿಗೆ ಕಟ್ಟು."

ಅನ್ಯಾಯ ಎಂದು ಆಗ ಅನ್ನಿಸಿತು. ಈಗ ನಾನೂ ಹುಡುಗಿಯರಿಗೆ ಪಾಠ ಹೇಳುವವಳು. ಅದಕ್ಕಿಂತ ಒಳ್ಳೆ ಪರೀಕ್ಷೆ ನನಗೂ ಹೊಳೆದಿಲ್ಲ.

ಮರುದಿನ ಬಸ್ಸಿನಲ್ಲಿ ನಾನು, ಮೇಡಂ, ಯಾರೂ ಕರೆಯದಿದ್ದರೂ ಅಜ್ಜಿ. ರಾತ್ರಿ ಅವಳು ಹಾಸ್ಟೆಲಿನಲ್ಲಿ ವಿಜಯಕುಮಾರಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಗೊರಕೆಯ ವಿಷಯದಲ್ಲಿ ಮುತ್ತಮ್ಮಾಳ್ ಕಡಿಮೆ ಮಾಡಿಯೇ ಹೇಳಿದ್ದರು ಎಂದು ದಾರಿಯುದ್ದಕ್ಕೂ ದೂರಿದಳು.

ಮುತ್ತಮ್ಮಾಳ್ ಅವರ ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ಎರಡು ದಿನ ಬಿಟ್ಟು ಬಳೆಯ ಶಾಸ್ತ್ರ. ಗಾಜಿನ ಬಳೆಯ ಗೊಂಚಲುಗಳು ಜಗಲಿಯ ಮೇಲೆ ಹರಡಿದ್ದವು. ಅವರು ನನ್ನನ್ನು ಕಂಡು ನಗುತ್ತ ಬಂದವರು ಕುತ್ತಿಗೆ ನೋಡಿ ನಿಂತುಬಿಟ್ಟರು. ಹೆಂಗಸಿನ ಕೊರಳಲ್ಲಿ ಇದ್ದ ದಾರ ಇಲ್ಲವೆಂದರೆ ಯಾರಿಗಾದರೂ ಬರುವ ಯೋಚನೆ ಒಂದೇ. ಅವರ ಕಣ್ಣಲ್ಲಿ ನೀರು ಬಂತು.

"ಅಯ್ಯೋ ಕಣ್ಣು, ಏನಾಯ್ತು ಅವರಿಗೆ?"

"ಏನೂ ಆಗ್ಲಿಲ್ಲ ಅಮ್ಮ. ಅವರು ಇರ್ಲೇ ಇಲ್ಲ. ನನಗೆ ಕಲ್ಯಾಣ ಆಗಿಲ್ಲ. ನೀವು ಮಲ್ಲಿಗಾನ ನೋಡೋಕೆ ಬಿಡಲ್ಲಾಂತ ನಾನೇ ದಾರ ಕಟ್ಕೊಂಡು ಬಂದೆ."

ಆ ಗಂಟಲಿನಿಂದ ಆಮೇಲೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಬೀದಿಯವರು ಬೇಲಿಯ ಹತ್ತಿರ ಬಂದು ನಿಂತರು. ಇಲ್ಲದ ಗಂಡನಿಗಾಗಿ ತಾನು ದೇವರಿಗೆ ಹರಕೆ ಹೊತ್ತಿದ್ದೆ, ಅವನ ಗೊರಕೆಗೆ ಕಷಾಯ ಕೂಡ ಮಾಡಿಟ್ಟಿದ್ದೆ ಎಂದು ಮುತ್ತಮ್ಮಾಳ್ ಕೂಗಿದರು. ಅಜ್ಜಿ ಏನೋ ಹೇಳಹೋದಳು, "ನೀವ್ ಸುಮ್ನಿರಿ, ನಿಮ್ ಸೀರೆಗೆ ಇವಳ ಮುಖ ನೋಡಿ ಚೌಕಾಸಿ ಕೂಡ ಮಾಡ್ಲಿಲ್ಲ ನಾನು" ಎಂದು ಅವಳಿಗೂ ಬಿತ್ತು. ಮೇಡಂ ಬೇಲಿಯ ಪಕ್ಕದಲ್ಲಿ ಬಿಪಿ ಪೆಟ್ಟಿಗೆ ಹಿಡಿದು ಕಂಬದಂತೆ ನಿಂತಿದ್ದರು. ನನಗೆ ನನ್ನ ತಗಡಿನ ಪೆಟ್ಟಿಗೆ ಕಣ್ಣೆದುರು ಬಂತು.

ಆಗ ಒಳಗಿನಿಂದ ಮಲ್ಲಿಗಾ ಬಂದಳು. ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಜಗಲಿಯ ಮೇಲೆ ಬಳೆಗಳ ಪಕ್ಕ ಕೂತಳು. ಅತ್ತೆ ಇನ್ನೂ ಕೂಗುತ್ತಲೇ ಇದ್ದರು. ಅವಳು ರವಿಕೆಯ ತೋಳು ಮೇಲೆ ಸರಿಸಿ ನನ್ನ ಕಡೆಗೆ ಕೈ ಚಾಚಿದಳು.

"ಅಕ್ಕ, ನಿನ್ನೆಯಿಂದ ತಲೆ ಸಿಡೀತಾ ಇದೆ. ನೋಡಕ್ಕ."

ಮುತ್ತಮ್ಮಾಳ್ ಬಾಯಿ ಮುಚ್ಚಿದರು. ಸೊಸೆ ತನ್ನೆದುರಿಗೆ ಮಾತಾಡಿದ್ದು ಅವರಿಗೂ ಮೊದಲ ಸಲವೇ ಇರಬೇಕು. ಮೇಡಂ ಪೆಟ್ಟಿಗೆ ತಂದು ನನ್ನ ಮುಂದಿಟ್ಟು ಹಿಂದೆ ಸರಿದರು. ಪಟ್ಟಿ ಸುತ್ತಿ, ಗಾಳಿ ಹಾಕಿ, ಕಿವಿಗೆ ನಳಿಗೆ ಇಟ್ಟುಕೊಂಡು ಕೇಳಿದೆ. ಪಾದರಸ ಇಳಿಯುವಷ್ಟರಲ್ಲಿ ನನ್ನ ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು. ಬಿಪಿ ಬಹಳ ಮೇಲಿತ್ತು, ಇನ್ನೊಮ್ಮೆ ನೋಡಿದೆ. ಅಷ್ಟೇ ಬಂತು. ಬಾವು ಇಳಿದ ಕಾಲು ಮತ್ತೆ ಬೀಗಿತ್ತು, ಈ ಸಲ ಕೈಬೆರಳುಗಳೂ.

ನಾನು ಎದ್ದು ನಿಂತು ಮುತ್ತಮ್ಮಾಳ್ ಅವರ ಮುಖ ನೋಡಿ ಹೇಳಿದೆ. "ಅಮ್ಮ, ಬಿಪಿ ಏರಿದೆ. ಇವತ್ತೇ ಆಸ್ಪತ್ರೆಗೆ ಸೇರಿಸಬೇಕು. ನಾಳೆ ಅಲ್ಲ, ಶಾಸ್ತ್ರ ಆದ್ಮೇಲೆ ಅಲ್ಲ. ಈಗ. ಕಲ್ಯಾಣ ಆಗದ ಪೊಣ್ಣು ಹೇಳ್ತಾ ಇದ್ದೀನಿ, ನಂಬ್ತೀರೋ ಬಿಡ್ತೀರೋ ನಿಮಗೆ ಸೇರಿದ್ದು."

ಅವರು ಚಪ್ಪರ ನೋಡಿದರು. ಬೇಲಿಯಾಚೆಯ ಜನರನ್ನು ನೋಡಿದರು. ಸೊಸೆಯ ಕೈ ನೋಡಿದರು, ಅದು ಇನ್ನೂ ನನ್ನ ಕೈಯಲ್ಲೇ ಇತ್ತು. ಸರ್ರನೆ ತಿರುಗಿ ಒಳಗೆ ಹೋದರು. ಬಾಗಿಲು ಹಾಕುತ್ತಾರೆ ಎಂದು ಕಾದೆ. ಪಾತ್ರೆಗಳ ಸದ್ದಾಯಿತು, ಪೆಟ್ಟಿಗೆ ಎಳೆದ ಸದ್ದಾಯಿತು. ಕಂಕುಳಲ್ಲಿ ಸೊಸೆಯ ಬಟ್ಟೆಯ ಗಂಟು, ಕೈಯಲ್ಲಿ ಫ್ಲಾಸ್ಕು ಹಿಡಿದು ಹೊರಗೆ ಬಂದು, ಜಗಲಿಯ ಮೇಲಿದ್ದ ಬಳೆಗಳನ್ನೆಲ್ಲ ಬಾಚಿ ಒಂದು ಟವಲಿಗೆ ಕಟ್ಟಿದರು.

"ಶಾಸ್ತ್ರಾನ ಆಸ್ಪತ್ರೇಲೇ ಮಾಡಬೋದಾ?"

"ವಾರ್ಡಿನ ನಿಯಮದ ಪ್ರಕಾರ" ಎಂದು ಮೇಡಂ ತಮಿಳಿನಲ್ಲಿ ಶುರುಮಾಡಿದರು.

"ನಿಮ್ಮನ್ನ ಕೇಳ್ಲಿಲ್ಲಂಗ" ಅಂದರು ಮುತ್ತಮ್ಮಾಳ್. "ನಮ್ಮ ನರ್ಸಮ್ಮ ಹೇಳ್ಲಿ."

ನಾನು ಮೇಡಂ ಮುಖ ನೋಡಿದೆ. ಅವರು ಬಿಪಿ ಪೆಟ್ಟಿಗೆಯ ಮುಚ್ಚಳ ಹಾಕಿ, ಅದನ್ನು ತಾವೇ ಎತ್ತಿಕೊಂಡು ಬಸ್ಸಿನ ದಾರಿ ಹಿಡಿದರು.

"ಮಾಡಬೋದು ಅಮ್ಮ" ಅಂದೆ. "ಆದ್ರೆ ಬಳೆ ಒಂದೇ ಕೈಗೆ. ಇನ್ನೊಂದು ಕೈ ನನಗೆ ಬೇಕು."